ಜಾಲತಾಣದ ಸುಗಮ್ಯತಾ ಪ್ರಮಾಣಪತ್ರ: ಹಣ ಕೊಡುವ ಮುನ್ನ ಒಮ್ಮೆ ಓದಿ ನೋಡಿ

ಕಳೆದ ದೀಪಾವಳಿಯ ಖಾತೆ ಪೂಜೆ ಮುಗಿದ ವಾರದಲ್ಲಿ ಆಳಂದ ತಾಲ್ಲೂಕಿನ ದಾಲ್ ಮಿಲ್ ಮಾಲೀಕರೊಬ್ಬರು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಎರಡು ಕಾಗದಗಳನ್ನಿಟ್ಟರು. ಒಂದು, ಹೊರರಾಜ್ಯದ ದೊಡ್ಡ ಖರೀದಿದಾರ ಕಂಪನಿಯೊಂದು ಕಳುಹಿಸಿದ ಪೂರೈಕೆದಾರರ ನೋಂದಣಿ ನಮೂನೆ. ಜಿ.ಎಸ್.ಟಿ. ಸಂಖ್ಯೆ, ಆಹಾರ ಸುರಕ್ಷತಾ ಪರವಾನಗಿ, ಬ್ಯಾಂಕ್ ವಿವರ ಮುಂತಾದ ವಾಡಿಕೆಯ ಕಲಮುಗಳ ನಡುವೆ ಹೊಸದೊಂದು ಪ್ರಶ್ನೆ ಇತ್ತು: ತಮ್ಮ ಜಾಲತಾಣವು ವಿಕಲಚೇತನರ ಬಳಕೆಗೆ ಸುಗಮವಾಗಿದೆಯೇ, ಆಗಿದ್ದಲ್ಲಿ ಪ್ರಮಾಣಪತ್ರ ಲಗತ್ತಿಸಿ. ಎರಡನೆಯ ಕಾಗದ ಆ ಪ್ರಮಾಣಪತ್ರವೇ. ಬಂಗಾರದ ಬಣ್ಣದ ಅಂಚು, ನಡುವೆ ಗಾಲಿಕುರ್ಚಿಯ ಚಿಹ್ನೆ, ಕೆಳಗೆ 'ಪ್ರತಿಶತ 100 ಸುಗಮ್ಯ' ಎಂಬ ಮುದ್ರೆ. ಜಾಲತಾಣ ಸೇವೆಯ ಸಂಸ್ಥೆಯೊಂದಕ್ಕೆ ಅವರು 18,000 ರೂಪಾಯಿ ಮತ್ತು ಅದರ ಮೇಲೆ ಜಿ.ಎಸ್.ಟಿ. ಕೊಟ್ಟು ಹತ್ತು ನಿಮಿಷದಲ್ಲಿ ಅದನ್ನು ಪಡೆದಿದ್ದರು.

"ಕಂಪನಿಯವರು ಇದನ್ನ ಒಪ್ಪವಲ್ಲರು ಸಾಹೇಬ್ರ. ಕೆಳಗ ನಿಮ್ಮದೊಂದು ಸಹಿ, ಶಿಕ್ಕಾ ಹಾಕಿಕೊಡ್ರಿ. ಸಿ.ಎ. ಸಹಿ ಅಂದ್ರ ನಡೀತದ" ಎಂದರು.

ಇಪ್ಪತ್ತು ವರ್ಷಗಳ ಹಳೆಯ ಕಕ್ಷಿದಾರರು. ತಂದೆಯವರ ಕಾಲದಿಂದ ಲೆಕ್ಕ ನಮ್ಮಲ್ಲಿಯೇ ಇದೆ. ಆದರೂ ನಾನು ಸಹಿ ಹಾಕಲಿಲ್ಲ. ಅವರು ಬೇಸರಪಟ್ಟುಕೊಂಡು ಚಹಾ ಕುಡಿಯದೆ ಎದ್ದು ಹೋದರು. ನಾನು ಏಕೆ ಸಹಿ ಹಾಕಲಿಲ್ಲ, ಅದರ ಬದಲು ಮುಂದೆ ಏನು ಮಾಡಿದೆವು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇಂತಹ ಪ್ರಶ್ನೆ ಇಂದು ಒಬ್ಬರಿಗೆ ಬಂದಿದೆ, ನಾಳೆ ನಮ್ಮ ಸದಸ್ಯರಲ್ಲಿ ಹಲವರಿಗೆ ಬರಲಿದೆ.

ಮೊದಲಿಗೆ ಸುಗಮ್ಯತೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ದೃಷ್ಟಿ ಇಲ್ಲದವರು ಮೊಬೈಲ್ ಮತ್ತು ಗಣಕಯಂತ್ರವನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ ಬಳಸುತ್ತಾರೆ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ಹೆಸರಿನಲ್ಲಿ ಅದು ಉಚಿತವಾಗಿದೆ. ಗಣಕಯಂತ್ರಕ್ಕೆ ಆಸ್ಟ್ರೇಲಿಯದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಎನ್.ವಿ.ಡಿ.ಎ. ಎಂಬ ತಂತ್ರಾಂಶವೂ ಉಚಿತವೇ. ಕೈ ನಡುಗುವವರು ಮೌಸ್ ಬಿಟ್ಟು ಕೀಲಿಮಣೆಯಿಂದಲೇ ಕೆಲಸ ಮಾಡುತ್ತಾರೆ. ಕಿವಿ ಕೇಳದವರಿಗೆ ವಿಡಿಯೊದ ಕೆಳಗೆ ಅಕ್ಷರಗಳು ಬೇಕು. ಇವರೆಲ್ಲರೂ ತೊಡಕಿಲ್ಲದೆ ಜಾಲತಾಣವನ್ನು ಬಳಸುವಂತಿರುವುದೇ ಸುಗಮ್ಯತೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ, ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಆಗ ಎಣಿಕೆಗೆ ಸಿಕ್ಕವರಲ್ಲಿ ವಯಸ್ಸಿನಿಂದ ಕಣ್ಣು ಮಂಜಾದ ನಮ್ಮ ನಿಮ್ಮಂಥವರು ಬಹುಮಟ್ಟಿಗೆ ಸೇರಿರಲಾರರು.

ಇದಕ್ಕೊಂದು ಅಳತೆಗೋಲು ಇದೆ. ಅಂತರ್ಜಾಲದ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು 1999ರಲ್ಲಿ ಮೊದಲ ಬಾರಿ ಹೊರತಂದ ಮಾರ್ಗಸೂಚಿಯನ್ನು ಡಬ್ಲ್ಯೂ.ಸಿ.ಎ.ಜಿ. ಎನ್ನುತ್ತಾರೆ. ಅದರ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರಲ್ಲಿ ಬಂದವು. ಎ, ಎಎ, ಎಎಎ ಎಂದು ಮೂರು ಹಂತಗಳು. ವ್ಯವಹಾರದಲ್ಲಿ ಎಲ್ಲರೂ ಕೇಳುವುದು ಎಎ ಹಂತವನ್ನು. 2.1 ಆವೃತ್ತಿಯಲ್ಲಿ ಎಎ ಹಂತ ತಲುಪಲು ಒಟ್ಟು 50 ಪರೀಕ್ಷಾ ನಿಯಮಗಳನ್ನು ಪೂರೈಸಬೇಕು. ನಮ್ಮ ದೇಶದ ಮಾನಕ ಸಂಸ್ಥೆ ಬಿ.ಐ.ಎಸ್. ಪ್ರಕಟಿಸಿರುವ ಐ.ಎಸ್. 17802ರ ಜಾಲತಾಣದ ಭಾಗವೂ ಇದೇ 2.1ನ್ನು ಆಧರಿಸಿದೆ. ಆ ಮಾನಕದ ಮೊದಲ ಭಾಗ ಏನಿರಬೇಕು ಎಂದು ಹೇಳುತ್ತದೆ, ಎರಡನೆಯ ಭಾಗ ಅದನ್ನು ಹೇಗೆ ಪರೀಕ್ಷಿಸಬೇಕು ಎಂದು ಹೇಳುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಎಂದರೆ, ಮಾರ್ಗಸೂಚಿ ಹೊರಡಿಸಿದ ಆ ಒಕ್ಕೂಟ ತಾನು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಜಾಲತಾಣದ ಮಾಲೀಕನೇ 'ನನ್ನ ತಾಣ ಇಂತಹ ಮಾನಕಕ್ಕೆ ಬದ್ಧವಾಗಿದೆ' ಎಂದು ಘೋಷಿಸಿಕೊಳ್ಳಬೇಕು. ಆದರೆ ಆ ಘೋಷಣೆಯಲ್ಲಿ ಐದು ವಿಷಯಗಳು ಇರಲೇಬೇಕು ಎಂದು ಮಾರ್ಗಸೂಚಿ ವಿಧಿಸುತ್ತದೆ: ಘೋಷಣೆಯ ದಿನಾಂಕ, ಮಾನಕದ ಹೆಸರು ಹಾಗೂ ಆವೃತ್ತಿ, ಸಾಧಿಸಿದ ಹಂತ, ಯಾವ ಯಾವ ಪುಟಗಳಿಗೆ ಘೋಷಣೆ ಅನ್ವಯಿಸುತ್ತದೆ ಎಂಬ ವಿವರ, ಯಾವ ತಂತ್ರಜ್ಞಾನವನ್ನು ಅವಲಂಬಿಸಲಾಗಿದೆ ಎಂಬುದು. ನನ್ನ ಮೇಜಿನ ಮೇಲಿದ್ದ ಬಂಗಾರದ ಅಂಚಿನ ಕಾಗದದಲ್ಲಿ ಈ ಐದರಲ್ಲಿ ಒಂದೂ ಇರಲಿಲ್ಲ. ಪರೀಕ್ಷಿಸಿದವರ ಹೆಸರೂ ಇರಲಿಲ್ಲ.

ಲೆಕ್ಕಪರಿಶೋಧಕನಿಗೆ ಇದು ತಟ್ಟನೆ ಕಣ್ಣಿಗೆ ಬೀಳುವ ದೋಷ. ನಮ್ಮ ವರದಿಯನ್ನು ತಾವು ಪ್ರತಿವರ್ಷ ಬ್ಯಾಂಕಿಗೆ ಕೊಡುತ್ತೀರಿ. ಓದುವವರು ಕಡಿಮೆ ಎಂಬುದು ನನಗೆ ತಿಳಿದ ವಿಷಯವೇ. ಅದರಲ್ಲಿ ಯಾವ ದಿನಾಂಕಕ್ಕೆ, ಯಾವ ಪುಸ್ತಕಗಳನ್ನು, ಯಾವ ಮಾನಕದ ಪ್ರಕಾರ ನೋಡಿದೆವು, ಲೆಕ್ಕಪತ್ರ ಸಿದ್ಧಪಡಿಸುವ ಹೊಣೆ ಯಾರದು, ಅಭಿಪ್ರಾಯ ನೀಡುವ ಹೊಣೆ ಯಾರದು ಎಂದು ಬಿಡಿಸಿ ಬರೆದಿರುತ್ತದೆ. 2019ರ ಫೆಬ್ರವರಿಯಿಂದ ನಾವು ಕೊಡುವ ಪ್ರತಿ ಪ್ರಮಾಣಪತ್ರದ ಮೇಲೂ 18 ಅಂಕಿಗಳ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯ, ಸಹಿ ನಿಜವಾಗಿಯೂ ನಮ್ಮದೇ ಎಂದು ಬ್ಯಾಂಕಿನವರು ಅದರಿಂದ ತಾಳೆ ನೋಡಬಹುದು. ಜಾಲತಾಣದ ಸುಗಮ್ಯತೆಯನ್ನು ಪರೀಕ್ಷಿಸುವುದು ನನ್ನ ವಿದ್ಯೆಯಲ್ಲ. ತಿಳಿಯದ ವಿಷಯದ ಕೆಳಗೆ ಸಹಿ ಹಾಕುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ. ಹಾಕಿದ್ದರೂ ಖರೀದಿದಾರ ಕಂಪನಿಗೆ ಅದರಿಂದ ಯಾವ ಭರವಸೆಯೂ ಸಿಗುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ನಾನೇ ದೂರವಾಣಿ ಮಾಡಿ ಅವರನ್ನು ಕರೆಸಿದೆ. ಅಂದು ನನ್ನ ಕಚೇರಿಗೆ ಅಫಜಲಪುರದ ಕಡೆಯ ಶಿಕ್ಷಕರೊಬ್ಬರೂ ಬಂದಿದ್ದರು. ಹುಟ್ಟಿನಿಂದ ದೃಷ್ಟಿಯಿಲ್ಲದವರು, ತಮ್ಮ ಆದಾಯ ತೆರಿಗೆಯ ರಿಟರ್ನ್ ಅನ್ನು ನಮ್ಮಲ್ಲಿ ಸಲ್ಲಿಸುತ್ತಾರೆ. ಅವರ ಕೈಯಲ್ಲಿ ಮೊಬೈಲ್ ಕೊಟ್ಟು, ಈ ತಾಣದಿಂದ ಐದು ಕಿಲೋ ತೊಗರಿ ಬೇಳೆ ಕೊಂಡು ತೋರಿಸಿ ಎಂದು ಕೋರಿಕೊಂಡೆ. ಮಾಲೀಕರು ಪಕ್ಕದಲ್ಲಿಯೇ ಕುಳಿತಿದ್ದರು.

ಪರದೆಯ ಮೇಲೆ ಬೆರಳು ಸರಿಸಿದಂತೆಲ್ಲ ಟಾಕ್‌ಬ್ಯಾಕ್ ಒಂದೊಂದೇ ವಸ್ತುವನ್ನು ಓದುತ್ತ ಹೋಗುತ್ತದೆ. ಬೇಕಾದುದು ಬಂದಾಗ ಎರಡು ಬಾರಿ ತಟ್ಟಬೇಕು. ಮುಖಪುಟದಲ್ಲಿ ಬೇಳೆಯ ಚೀಲಗಳ ಸುಂದರ ಚಿತ್ರವಿತ್ತು. ಅದು ಬಂದಾಗ ಧ್ವನಿ ಹೇಳಿದ್ದು ಕ್ಯಾಮೆರಾ ಇಟ್ಟ ಕಡತದ ಸಂಖ್ಯೆಯನ್ನು. 2019ರಲ್ಲಿ ನಮ್ಮ ಭಾಗದ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಹೆಮ್ಮೆಯ ಸಂಗತಿಯನ್ನೂ ಅಂದಿನ ದರವನ್ನೂ ಒಂದೇ ಚಿತ್ರದೊಳಗೆ ಬರೆಸಿದ್ದರು. ಧ್ವನಿಗೆ ಅದೂ ಬರಿಯ ಚಿತ್ರ. ತೂಕ ಆರಿಸುವ ಜಾಗಕ್ಕೆ ಬಂದಾಗ 'ಬಟನ್, ಬಟನ್, ಬಟನ್' ಎಂದಿತು. ಯಾವುದು ಒಂದು ಕಿಲೋ, ಯಾವುದು ಐದು, ಯಾವುದು ಮೂವತ್ತು ಎಂದು ಹೇಳಲಿಲ್ಲ. ಶಿಕ್ಷಕರು ಅಂದಾಜಿನಿಂದ ಒಂದನ್ನು ತಟ್ಟಿದರು. ಮೂವತ್ತು ಕಿಲೋ ಬುಟ್ಟಿಗೆ ಬಿತ್ತು. ಅದು ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

ಎಲ್ಲಕ್ಕಿಂತ ನಗು ತರಿಸಿದ್ದು ದರಪಟ್ಟಿ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಪಿ.ಡಿ.ಎಫ್. ಮಾಡಿಸಿದ್ದರು. ಕಣ್ಣಿಗೆ ಅಚ್ಚ ಕನ್ನಡ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗಿರುವ ಸಂಕೇತ ಇಂಗ್ಲಿಷ್ ಅಕ್ಷರಗಳದು. ಮೇಲೆ ಕಾಣುವ ರೂಪ ಮಾತ್ರ ಕನ್ನಡದ್ದು. ಹಾಗಾಗಿ ಧ್ವನಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒಂದರ ಹಿಂದೊಂದು ಉಗುಳತೊಡಗಿತು. ಕನ್ನಡದಲ್ಲಿ ವ್ಯವಹರಿಸುವ ನಮ್ಮೆಲ್ಲರಿಗೂ ಇದು ವಿಶೇಷವಾಗಿ ಅನ್ವಯಿಸುತ್ತದೆ. ಅದೇ ಪಟ್ಟಿಯನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಪುಟದ ಭಾಷೆ ಕನ್ನಡ ಎಂದು ಸಂಕೇತದಲ್ಲಿ ಘೋಷಿಸಿದರೆ ಮೊಬೈಲಿನ ಕನ್ನಡ ಧ್ವನಿ ಸರಾಗವಾಗಿ ಓದುತ್ತದೆ. ಪುಟದ ಭಾಷೆಯನ್ನು ಘೋಷಿಸುವುದು ಮಾನಕದ ಅತ್ಯಂತ ಕೆಳಗಿನ ಎ ಹಂತದ ನಿಯಮ. ಖರ್ಚೂ ಇಲ್ಲ.

ಇನ್ನು ಆ 18,000 ರೂಪಾಯಿಯ ಸೇವೆ. ತಾಣದ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಅಂಟಿಸಿದ್ದರು. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ, ಒಂದು ಧ್ವನಿಯೂ ಓದುತ್ತದೆ. ಶಿಕ್ಷಕರ ಮೊಬೈಲಿನಲ್ಲಿ ಇವೆಲ್ಲ ಮೊದಲೇ ಇದ್ದವು. "ನನ್ನ ಕೈಕೋಲು ನನ್ನ ಹತ್ತಿರ ಅದರೀ. ನೀವು ಅಂಗಡಿ ಬಾಗಿಲದಾಗ ಇನ್ನೊಂದು ಕೋಲು ಇಟ್ಟೀರಿ, ಬಾಗಿಲ ಮಾತ್ರ ಮುಚ್ಚೇ ಇಟ್ಟೀರಿ" ಎಂದರು. ಮಾಲೀಕರು ಏನೂ ಹೇಳಲಿಲ್ಲ. ಆದರೆ ಆ ದಿನ ಚಹಾ ಕುಡಿದೇ ಹೋದರು.

ಇಂತಹ ಗುಂಡಿಯ ವ್ಯಾಪಾರ ನಮ್ಮಲ್ಲಿ ಮಾತ್ರ ನಡೆದಿಲ್ಲ. ತನ್ನ ಸ್ವಯಂಚಾಲಿತ ಉಪಕರಣ ಯಾವುದೇ ಜಾಲತಾಣವನ್ನು ಡಬ್ಲ್ಯೂ.ಸಿ.ಎ.ಜಿ.ಗೆ ಬದ್ಧವಾಗಿಸುತ್ತದೆ ಎಂದು ಪ್ರಚಾರ ಮಾಡಿದ ಆಕ್ಸೆಸಿಬಿ ಎಂಬ ಕಂಪನಿಯು, ಆ ಪ್ರಚಾರ ಸುಳ್ಳು ಹಾಗೂ ಆಧಾರರಹಿತ ಎಂಬ ಆರೋಪದ ಮೇಲೆ ಹತ್ತು ಲಕ್ಷ ಡಾಲರ್ ಪಾವತಿಸುವಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಯಂತ್ರದ ಪರೀಕ್ಷೆಗೆ ಇರುವ ಮಿತಿ ಸರಳವಾದುದು. ಚಿತ್ರಕ್ಕೆ ವಿವರಣೆ ಇದೆಯೇ ಇಲ್ಲವೇ ಎಂದು ಯಂತ್ರ ನೋಡಬಲ್ಲದು; 'ಚಿತ್ರ' ಎಂಬ ಒಂದೇ ಪದ ಬರೆದಿದ್ದರೂ ಅದು ಉತ್ತೀರ್ಣ ಎನ್ನುತ್ತದೆ. ಆ ವಿವರಣೆಯಿಂದ ಗಿರಾಕಿಗೆ ಬೇಳೆಯ ದರ ತಿಳಿಯಿತೇ ಎಂದು ಹೇಳಲು ಮನುಷ್ಯನೇ ಬೇಕು.

ಕಾನೂನಿನ ಸ್ಥಿತಿ ಹೀಗಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 46ನೆಯ ಕಲಮು ಸರ್ಕಾರಿ ಮತ್ತು ಖಾಸಗಿ ಎಂಬ ಭೇದವಿಲ್ಲದೆ ಸೇವೆ ಒದಗಿಸುವವರೆಲ್ಲರೂ ಸುಗಮ್ಯತಾ ನಿಯಮಗಳನ್ನು ಪಾಲಿಸಬೇಕೆಂದು ಹೇಳುತ್ತದೆ. ಖಾಸಗಿ ಸಂಸ್ಥೆ ಎಂಬುದರ ವ್ಯಾಖ್ಯೆಯಲ್ಲಿ ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಟ್ರಸ್ಟ್, ಕಾರ್ಖಾನೆ ಎಲ್ಲವೂ ಇವೆ. ಏಕವ್ಯಕ್ತಿ ಮಾಲೀಕತ್ವ ಎಂಬ ಪದ ಅಲ್ಲಿ ಬಿಡಿಯಾಗಿ ಇಲ್ಲವೆಂದು ಕೆಲವರು ಸಮಾಧಾನಪಡಬಹುದು. ಆದರೆ ದಾಲ್ ಮಿಲ್ಲು ಕಾರ್ಖಾನೆಯಲ್ಲವೆಂದು ವಾದಿಸುವುದು ಕಷ್ಟ. 89ನೆಯ ಕಲಮಿನ ಪ್ರಕಾರ ಮೊದಲ ಉಲ್ಲಂಘನೆಗೆ 10,000 ರೂಪಾಯಿಯವರೆಗೆ, ನಂತರದ ಪ್ರತಿ ಉಲ್ಲಂಘನೆಗೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ ದಂಡ.

ಇದು ಕಾಗದದ ಮೇಲಿನ ಮಾತಷ್ಟೇ ಎಂದು ತಿಳಿಯಬಾರದು. ವೈದ್ಯರ ಭೇಟಿಗೆ ಸಮಯ ಕಾದಿರಿಸುವ ಬೆಂಗಳೂರಿನ ಪ್ರಾಕ್ಟೊ ಕಂಪನಿಯ ಆ್ಯಪ್ ತಮಗೆ ಬಳಸಲು ಆಗುತ್ತಿಲ್ಲವೆಂದು ದೃಷ್ಟಿಹೀನ ವಕೀಲರಾದ ರಾಹುಲ್ ಬಜಾಜ್ ದೂರಿದಾಗ, ವಿಕಲಚೇತನರ ಮುಖ್ಯ ಆಯುಕ್ತರ ನ್ಯಾಯಾಲಯವು ಖಾಸಗಿ ಸಂಸ್ಥೆಯೂ ಸುಗಮ್ಯತೆಗೆ ಬದ್ಧವೆಂದು 2022ರಲ್ಲಿ ಹೇಳಿತು. 2023ರಲ್ಲಿ ಐ.ಎಸ್. 17802 ನಿಯಮಾವಳಿಯೊಳಗೆ ಸೇರಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದ್ದ 15(1)ನೆಯ ನಿಯಮವು ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಆ್ಯಸಿಡ್ ದಾಳಿಗೊಳಗಾದವರು ಕಣ್ಣು ಮಿಟುಕಿಸಲಾಗದೆ ಬ್ಯಾಂಕಿನ ಇ-ಕೆವೈಸಿ ಪೂರೈಸಲಾಗದಿದ್ದುದು ಆ ಪ್ರಕರಣದ ಮೂಲ. ಅದರ ಬೆನ್ನಲ್ಲೇ ಜುಲೈ 31ರಂದು ಸೆಬಿ ತನ್ನ ಅಧೀನದ ಸಂಸ್ಥೆಗಳು ಜಾಲತಾಣ ಹಾಗೂ ಆ್ಯಪ್‌ಗಳ ಸುಗಮ್ಯತಾ ಪರಿಶೋಧನೆ ಮಾಡಿಸಬೇಕೆಂದು ಸುತ್ತೋಲೆ ಹೊರಡಿಸಿತು. ಐರೋಪ್ಯ ಒಕ್ಕೂಟದಲ್ಲಿಯೂ 2025ರ ಜೂನ್ 28ರಿಂದ ಗ್ರಾಹಕರಿಗೆ ಆನ್‌ಲೈನಿನಲ್ಲಿ ಮಾರುವವರಿಗೆ ಇಂತಹ ಕಾಯಿದೆ ಅನ್ವಯವಾಗಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ, 20 ಲಕ್ಷ ಯೂರೊ ಮೀರದ ವಹಿವಾಟಿನ ಅತಿಸಣ್ಣ ಸೇವಾದಾರರಿಗೆ ಅಲ್ಲಿ ವಿನಾಯಿತಿ ಇದೆ. ದೊಡ್ಡವರ ಮೇಲೆ ಬಿದ್ದ ಈ ಹೊಣೆ ಅವರ ನಮೂನೆಗಳ ಮೂಲಕ ನಮ್ಮ ಆಳಂದದವರೆಗೆ ಇಳಿದು ಬಂದಿದೆ, ಅಷ್ಟೆ.

ಹಾಗಾದರೆ ನಂಬಬಹುದಾದ ಪ್ರಮಾಣಪತ್ರ ಯಾರು ಕೊಡುತ್ತಾರೆ? ಸರ್ಕಾರಿ ಜಾಲತಾಣಗಳಿಗೆ ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವಾಲಯದ ಎಸ್.ಟಿ.ಕ್ಯೂ.ಸಿ. ನಿರ್ದೇಶನಾಲಯವು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಖಾಸಗಿಯವರು ಐ.ಎ.ಎ.ಪಿ. ಎಂಬ ಅಂತರರಾಷ್ಟ್ರೀಯ ವೃತ್ತಿಪರ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾದ ಪರಿಶೋಧಕರಿಂದ ವರದಿ ಪಡೆಯಬಹುದು. ಸೆಬಿ ಕೂಡ ಅಂತಹವರನ್ನೇ ಹೆಸರಿಸಿದೆ. ಅವರು ಎಲ್ಲ ಪುಟಗಳನ್ನೂ ನೋಡುವುದಿಲ್ಲ. ಗಂಜಿನಲ್ಲಿ ನಾವು ರಾಶಿಯಿಂದ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ನೋಡುವಂತೆಯೇ ಅವರೂ ಮಾದರಿ ಪುಟಗಳನ್ನು ಆರಿಸುತ್ತಾರೆ: ಮುಖಪುಟ, ಸಂಪರ್ಕ ಪುಟ, ನಮೂನೆ ಇರುವ ಪುಟ, ಅವುಗಳ ಜೊತೆಗೆ ಕಣ್ಣು ಮುಚ್ಚಿ ಆರಿಸಿದ ಕೆಲವು. ಆದರೆ ಒಂದು ವಿಷಯದಲ್ಲಿ ಮಾದರಿ ನಡೆಯುವುದಿಲ್ಲ. ಕೊಳ್ಳುವ ಕ್ರಿಯೆ, ಅಂದರೆ ಸರಕು ಆರಿಸುವುದರಿಂದ ಹಣ ಪಾವತಿಯವರೆಗೆ, ಇಡಿಯಾಗಿ ಪರೀಕ್ಷೆಯಾಗಬೇಕು. ಅದರಲ್ಲಿನ ಒಂದು ಪುಟ ಸೋತರೂ ಉಳಿದ ಪುಟಗಳು ಬದ್ಧವೆಂದು ಹೇಳಿಕೊಳ್ಳುವಂತಿಲ್ಲ.

ಆಳಂದದ ಮಿಲ್ಲಿನ ತಾಣವನ್ನು ಮಾಡಿಕೊಟ್ಟಿದ್ದ ಹುಡುಗನನ್ನೇ ಕರೆಸಿ ತಿದ್ದಿಸಿದೆವು. ಚಿತ್ರಗಳಿಗೆ ವಿವರಣೆ, ಗುಂಡಿಗಳಿಗೆ ಹೆಸರು, ದರ ಅಕ್ಷರಗಳಲ್ಲಿ, ಪಟ್ಟಿ ಯೂನಿಕೋಡಿನಲ್ಲಿ. ಬಿಳಿಯ ಮೇಲೆ ಅರಿಸಿನ ಬಣ್ಣದ ಅಕ್ಷರಗಳನ್ನು ಬಿಡಲು ಮಾಲೀಕರು ಸುಲಭವಾಗಿ ಒಪ್ಪಲಿಲ್ಲ. ಬೇಳೆಯ ಬಣ್ಣವಲ್ಲವೇ ಎಂದರು. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕೆಂಬುದು ನಿಯಮ, ಅವರದು ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಕಡೆಗೆ ಹಿನ್ನೆಲೆಯನ್ನು ಕಡು ಕಂದು ಮಾಡಿ ಅರಿಸಿನ ಬಣ್ಣವನ್ನು ಉಳಿಸಿಕೊಂಡೆವು. ಮೂರು ವಾರ ಹಿಡಿಯಿತು. ನಂತರ ಪರಿಶೋಧಕರ ವರದಿ ಪಡೆದೆವು; ಅವರ ಶುಲ್ಕದ ಮೇಲಿನ ಶೇ. 18 ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆದುಕೊಂಡೆವು. ಬಂಗಾರದ ಅಂಚಿನ ಕಾಗದಕ್ಕೆ ಕೊಟ್ಟ ಹಣ ಮರಳಿ ಬರಲಿಲ್ಲ.

ಜಾಲತಾಣವೇ ಇಲ್ಲದವರು ಇದನ್ನು ಓದಿ ಪುಟ ತಿರುವಬಹುದು. ಭೀಮೆಯಾಚೆಯ ಜೇವರ್ಗಿಯಲ್ಲಿ ಹತ್ತಿಯ ವ್ಯಾಪಾರ ಮಾಡುವ ಹಿರಿಯ ಸ್ನೇಹಿತರೊಬ್ಬರು ಈ ಕಥೆಯನ್ನು ಕೇಳಿ, ತಮಗೆ ವಾಟ್ಸಾಪ್ ಸಾಕು ಎಂದು ನಕ್ಕರು. ಅವರು ದಿನವೂ ಕೈಬರಹದ ದರದ ಹಾಳೆಯ ಫೋಟೊ ಕಳುಹಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಅವರದೇ ಕಣ್ಣು ಎರಡು ವರ್ಷಗಳಿಂದ ಮಂಜಾಗಿದೆ. ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಇ-ಟೆಂಡರ್ ಆದ ಮೇಲೆ, ಪರದೆಯ ಮೇಲಿನ ಅಂಕಿಗಳನ್ನು ಅವರಿಗೆ ಮಗ ಓದಿ ಹೇಳುತ್ತಾನೆ. ಮಗ ಊರಲ್ಲಿಲ್ಲದ ದಿನ ಅವರು ಟೆಂಡರಿಗೆ ಕೂಡುವುದಿಲ್ಲ. ಫೋಟೊದ ಜೊತೆಗೆ ಅದೇ ದರವನ್ನು ಟೈಪ್ ಮಾಡಿಯೂ ಕಳುಹಿಸಿ, ನಿಮ್ಮ ಮೊಬೈಲಿನಲ್ಲಿಯೂ ಟಾಕ್‌ಬ್ಯಾಕ್ ಹಾಕಿಸಿಕೊಳ್ಳಿ ಎಂದೆ. ಮೊದಲನೆಯದನ್ನು ಆರಂಭಿಸಿದ್ದಾರೆ.

ಆಳಂದದ ಮಿಲ್ಲಿನ ವರದಿ ಖರೀದಿದಾರ ಕಂಪನಿಗೆ ಹೋಗಿದೆ. ಅದರಲ್ಲಿ ದಿನಾಂಕವಿದೆ, ಆವೃತ್ತಿ ಇದೆ, ಹದಿನಾಲ್ಕು ಪುಟಗಳ ಹೆಸರುಗಳಿವೆ, ಪರಿಶೋಧಕರ ಸಹಿಯಿದೆ. ಜೊತೆಗೆ ಒಂದು ಷರಾ ಕೂಡ ಇದೆ: ಹಣ ಪಾವತಿಯ ಪುಟ ಬೇರೆ ಸಂಸ್ಥೆಯದಾಗಿದ್ದು, ಅಲ್ಲಿ ಓ.ಟಿ.ಪಿ. ಬರೆಯುವಷ್ಟರಲ್ಲಿ ಸಮಯ ಮುಗಿಯುತ್ತದೆ, ಆದ್ದರಿಂದ ಕೊಳ್ಳುವ ಕ್ರಿಯೆ ಪೂರ್ಣವಾಗಿ ಬದ್ಧವಾಗಿಲ್ಲ. ಆ ಷರಾವನ್ನು ತೆಗೆಸಬಹುದೇ ಎಂದು ಮಾಲೀಕರು ಕೇಳಿದರು. ಬೇಡವೆಂದೆ. ಕಂಪನಿ ಅದನ್ನು ಓದಿಕೊಂಡೇ, ಆರು ತಿಂಗಳಲ್ಲಿ ಸರಿಪಡಿಸಬೇಕೆಂಬ ಷರತ್ತಿನ ಮೇಲೆ ನೋಂದಣಿ ನೀಡಿದೆ. ಪಾವತಿ ಸಂಸ್ಥೆಗೆ ಎರಡು ಪತ್ರ ಬರೆದಿದ್ದೇವೆ. ಅಲ್ಲಿಯವರೆಗೆ ಅಫಜಲಪುರದ ಶಿಕ್ಷಕರು ಬೇಳೆಯನ್ನು ತಾಣದಲ್ಲಿ ತಾವೇ ಆರಿಸಿ, ಹಣವನ್ನು ಮನೆಬಾಗಿಲಲ್ಲಿ ನಗದಾಗಿ ಕೊಡುತ್ತಿದ್ದಾರೆ.